ಕೆರೆ ಏರಿಯಿಂದ ಓಡಿಸಿದ ಪರವೂರಿನವರು

ಕೆರೆ ಕಾಮಗಾರಿಯ ಮೇಲಧಿಕಾರಿ ಸಾಹೇಬರೇ,

ಕಮಲಾಪುರದ ಕೂಲಿಯವರ ಹಿತಕ್ಕಾಗಿ ಪರವೂರಿನವರನ್ನು ಏರಿಯಿಂದ ಓಡಿಸಿದೆವೆಂದು ತಾವು ಡಂಗುರ ಸಾರಿಸಿದಿರಿ. ಪರವೂರಿನವರು ಹೋದರು. ಕೂಲಿಯವರ ಹಿತ ಇನ್ನೂ ಬಂದಿಲ್ಲ. ಅದು ಯಾವ ದಾರಿಯಲ್ಲಿ ತಡವಾಗಿದೆ ಎಂದು ವಿಚಾರಿಸಲು ಈ ಪತ್ರ. ತಮ್ಮ ಕಚೇರಿಗೆ ಉರ್ದುವಿನಲ್ಲಿ ಬರೆಸಿಕೊಟ್ಟ ಅರ್ಜಿಗೆ ಉತ್ತರ ಬರಲಿಲ್ಲವಾದ್ದರಿಂದ, ನಮ್ಮ ಮೊಗಲಾಯಿ ಸರ್ಕಾರದ ಗಡಿಯಾಚೆಯ ಪತ್ರಿಕೆಯಲ್ಲಿ ನಮ್ಮ ಕನ್ನಡದಲ್ಲೇ ಕೇಳುತ್ತಿದ್ದೇನೆ.

ನಾನು ಕಮಲಾಪುರದ ಜೋಳದ ವ್ಯಾಪಾರಿ. ಕಲಬುರಗಿಯ ಗಂಜ್ ಮಾರುಕಟ್ಟೆಯಿಂದ ಕಾಳು ತಂದು ಇಲ್ಲಿ ಮಾರುತ್ತೇನೆ. ಹೋದ ವರ್ಷ ಕೆರೆಯ ಏರಿ ಕಟ್ಟುವ ಕೆಲಸ ಶುರುವಾದಾಗ ನಮ್ಮೂರ ಮಾಪಣ್ಣ, ಅವನ ಹೆಂಡತಿ ಭೀಮಬಾಯಿ, ಅವರ ಓಣಿಯವರೆಲ್ಲ ಮಣ್ಣು ಹೊರಲು ಹೋದರು. ಬೇಸಿಗೆಗೆ ಗುತ್ತೇದಾರ ತೆಲುಗು ಸೀಮೆಯ ಪಾಲಮೂರು ಕಡೆಯಿಂದ ಮಣ್ಣು ಕೆಲಸದವರನ್ನು ಕರೆತಂದ. ಅವರಿಗೆ ಅರ್ಧ ಕೂಲಿ. ಮರುವಾರ ನಮ್ಮವರಿಗೂ ಅರ್ಧವೇ. "ಬೇಕಾದ್ರ ಮಾಡ್ರಿ, ಬ್ಯಾಡಾದ್ರ ಬಿಡ್ರಿ, ಮಂದಿ ಬಂದಾರ" ಎಂದನಂತೆ. ನಮ್ಮವರ ಸಿಟ್ಟು ಯಾರ ಮೇಲೆ ಹೋಯಿತು? ಬಂದವರ ಮೇಲೆ.

ಇದರಲ್ಲಿ ನನ್ನಂಥ ಅಂಗಡಿಕಾರರ ಸ್ಥಿತಿ ಕೇಳಬೇಡಿ. ಪರವೂರಿನವರು ಬಂದ ಮೇಲೆ ನನ್ನ ಜೋಳ, ಕುಂಬಾರರ ಗಡಿಗೆ, ಗಾಣದ ಎಣ್ಣೆ ಎಲ್ಲವೂ ಮೊದಲಿಗಿಂತ ಹೆಚ್ಚು ಖರ್ಚಾದವು. ವಾರದ ಸಂತೆ ಊರ ಹೊರಗಿನವರೆಗೂ ಬೆಳೆಯಿತು. ಅವರು ಕೊಳ್ಳುವಾಗ ನಮಗೆ ಗಿರಾಕಿಗಳು, ನೀರಿಗೆ ಬಂದಾಗ ಪರದೇಶಿಗಳು. ನಮ್ಮ ಓಣಿಯ ಬಾವಿಯ ಹಗ್ಗವನ್ನು ನಮ್ಮವರೇ ಎತ್ತಿಟ್ಟರು. ದಾಸೋಹದ ನಾಡು ನಮ್ಮದೆಂದು ಹೇಳಿಕೊಳ್ಳುವ ನಾವು, ದುಡಿದು ಉಣ್ಣಲು ಬಂದವರಿಗೆ ಒಂದು ಕೊಡ ನೀರು ಕೊಡಲಿಲ್ಲ.

ಕೊಟ್ಟವಳು ಭೀಮಬಾಯಿ. ಕೊಡುವ ಮೊದಲು ಜಗಳಕ್ಕೇ ಹೋಗಿದ್ದಳು. ಪಾಲಮೂರಿನ ಗುಂಪಿನ ಹಿರಿಯಳು ಬಾಲಮ್ಮ ಎಂಬಾಕೆ. ಏರಿಯ ಮೇಲೆ ಅವಳನ್ನು ತಡೆದು, "ಅರ್ಧ ಕೂಲಿಗಿ ಯಾಕ ಒಪ್ಪಿದ್ರಿ? ನಮ್ಮ ಹೊಟ್ಟಿ ಮ್ಯಾಲ ಯಾಕ ಹೊಡಿಯಾಕತ್ತೀರಿ?" ಎಂದು ಕೇಳಿದಳು.

ಬಾಲಮ್ಮ ತನಗೆ ಬರುವಷ್ಟು ಕನ್ನಡದಲ್ಲಿ, "ಅರ್ಧನಾ? ಇಲ್ಲಿ ಎಲ್ಲಾರಿಗೂ ಇಷ್ಟೇ ಅಂತ ಹೇಳಿ ಕರಕೊಂಡು ಬಂದಾನಮ್ಮಾ" ಎಂದಳು.

ಇಬ್ಬರೂ ಬುಟ್ಟಿ ಕೆಳಗಿಟ್ಟು ಅಲ್ಲೇ ಕುಳಿತರಂತೆ. ಮರುದಿನ ಎರಡೂ ಕಡೆಯವರು ಕೂಡಿ ಗುತ್ತೇದಾರನ ಡೇರೆಯ ಮುಂದೆ ನಿಂತರು. ಎಲ್ಲರಿಗೂ ಮೊದಲಿನ ಕೂಲಿಯೇ ಬೇಕು ಎಂದರು.

ಸಾಹೇಬರೇ, ಅವರು ಬಡಿದಾಡುತ್ತಿದ್ದಾಗ ತಮಗೆ ನಮ್ಮ ಹಿತ ನೆನಪಾಗಲಿಲ್ಲ. ಕೂಡಿ ನಿಂತ ಆ ವಾರವೇ ನೆನಪಾಯಿತಲ್ಲ, ಇದೇನು ಸೋಜಿಗ! ಪೊಲೀಸರು ಬಂದು ಗುಡಿಸಲು ಕಿತ್ತರು. ಪಾಲಮೂರೂ ಇದೇ ಸರ್ಕಾರದ ಸೀಮೆಯಲ್ಲವೇ? ಬಹುದೂರದ ಉತ್ತರದಿಂದ ಬಂದು ತಮ್ಮ ಕಚೇರಿಯ ಕುರ್ಚಿಗಳಲ್ಲಿ ಕುಳಿತವರನ್ನು ಯಾವ ಡಂಗುರವೂ ಮುಟ್ಟಲಿಲ್ಲವೇಕೆ? ಅವರು ಬಂದದ್ದರಿಂದ ಯಾರ ಸಂಬಳವೂ ಅರ್ಧವಾದದ್ದನ್ನು ನಾವು ಕೇಳಿಲ್ಲ.

ಬಾಲಮ್ಮನ ಮಂದಿ ಗಂಟು ಹೊತ್ತು ಪೇಟೆಯಲ್ಲಿ ಹಾದು ಹೋಗುವಾಗ ನಮ್ಮ ಅಂಗಡಿಕಾರರು ಚಪ್ಪಾಳೆ ತಟ್ಟಿದರು. ಭೀಮಬಾಯಿ ಮಾತ್ರ ಕಲಬುರಗಿಯ ರಸ್ತೆಯವರೆಗೂ ಅವರ ಜೊತೆ ನಡೆದಳು. ಹಿಂತಿರುಗಿ ನೇರ ಗುತ್ತೇದಾರನ ಬಳಿ ಹೋಗಿ, "ಅವರು ಹೋದ್ರಲ್ರೀ. ಈಗ ನಮ್ಮ ಕೂಲಿ ಕೊಡ್ರಿ" ಎಂದಳು.

ಅವನು ನಕ್ಕ. "ಇಷ್ಟು ದಿವಸ ಅರ್ಧಕ್ಕ ಮಾಡೀರಿ. ಇನ್ನ ಇದೇ ರೇಟು."

ಭೀಮಬಾಯಿಯ ಓಣಿಯವರು ಬುಟ್ಟಿ ಬಿಸಾಕಿ ಗಡಿಯಾಚೆ ಸೊಲ್ಲಾಪುರದ ಗಿರಣಿಗಳ ಕಡೆ ಹೊರಟರು. ಏರಿ ಅರ್ಧಕ್ಕೆ ನಿಂತಿದೆ. ಕೊಳ್ಳುವವರಿಲ್ಲದ ಸಂತೆ ಮಧ್ಯಾಹ್ನಕ್ಕೇ ಎದ್ದುಹೋಗುತ್ತದೆ.

ಕಳೆದ ವಾರ ಮಾಪಣ್ಣ ತನ್ನ ತಾಯಿಯನ್ನು ಕರೆದೊಯ್ಯಲು ಬಂದಿದ್ದ. ಅಂಗಡಿ ಮುಂದೆ ಸಿಕ್ಕಾಗ, ಅಲ್ಲಿ ಹೇಗಿದ್ದೀರಿ ಎಂದು ಕೇಳಿದೆ.

"ಗಿರಣಿ ಬಾಗಿಲದಾಗ ಅಲ್ಲಿ ಕೂಲಿ ಮಂದಿ ಕಲ್ಲು ತೂರ್ಯಾರ್ರಿ ಸಾವ್ಕಾರ್ರ," ಎಂದ. ಹಣೆಯ ಗಾಯ ಇನ್ನೂ ಹಸಿಯಾಗಿತ್ತು. "ಮೊಗಲಾಯಿ ಮಂದಿ ಬಂದು ನಮ್ಮ ಕೂಲಿ ಮುರದಾರ ಅಂತಾರ. ನಮಗೂ ಅಲ್ಲಿ ಅರ್ಧ ಕೊಡ್ತಾರಂತ ಹೋದ ಮ್ಯಾಲೇ ಗೊತ್ತಾತು. ಭೀಮಿ ಅವರ ಕೂಡ ಮಾತಾಡಾಕ ಹೋಗ್ಯಾಳ."

ಅವನು ಹೋದ ಮೇಲೆ ಈ ಪತ್ರ ಬರೆಯಲು ಕುಳಿತೆ.

ಕಡಿಮೆ ಕೂಲಿಗೆ ಬಂದವರಿಂದ ಕೂಲಿ ಇಳಿಯುವುದು ಸುಳ್ಳಲ್ಲ. ಆದರೆ ಕಡಿಮೆ ಕೊಡುವವನನ್ನು ಬಿಟ್ಟು ಕಡಿಮೆ ಪಡೆದವನನ್ನು ಹೊಡೆಯುವುದು ಯಾವ ನ್ಯಾಯ? ಒಂದೇ ಕೆಲಸಕ್ಕೆ ಒಂದೇ ಕೂಲಿ ಎಂದು ತಾವು ಆಜ್ಞೆ ಮಾಡಿ. ಆ ದರವನ್ನು ಕನ್ನಡ, ತೆಲುಗು, ಉರ್ದು ಮೂರರಲ್ಲೂ ಡಂಗುರ ಹೊಡೆಸಿ, ಪಾಲಮೂರಿನ ಹಳ್ಳಿಗಳವರೆಗೂ ಅದು ಮುಟ್ಟಲಿ. ಓಡಿಸಿದವರನ್ನೂ ಓಡಿಹೋದವರನ್ನೂ ಕರೆಸಿ. ಬಾಲಮ್ಮ ಬಂದರೆ ಕ್ಷಮೆ ಕೇಳುವ ಕೆಲಸ ನಮ್ಮದು, ಅದಕ್ಕೆ ತಮ್ಮ ಅಪ್ಪಣೆ ಬೇಡ.

ಇಂತಿ, ತನ್ನ ಊರಿನ ಹೆಸರು ಹೇಳಲು ಈಗ ತಡವರಿಸುವ,
ಗುರುಲಿಂಗಪ್ಪ
ಕಮಲಾಪುರ