ಎಡಗಾಲಿನ ಮೀನಖಂಡ

ನವೆಂಬರ್ 12, 2024. ಮಂಗಳವಾರ

ಮಗಳು ಕೋಮಲಾಳ ಬಾಣಂತನದ ಹನ್ನೊಂದನೇ ದಿನ. ಬಾಣಂತಿಯರಿಗೆ ನೀರು ಹಾಕುವ ಬೋರಮ್ಮ ಬಂದು ಎಣ್ಣೆ ಹಚ್ಚಿ ನೀರು ಹಾಕಿ ಹೋದಳು. ಮಗುವಿಗೆ ಸಾಂಬ್ರಾಣಿ ಹೊಗೆ ಆಯಿತು. ಕೋಮಲಾಳಿಗೆ ಮೆಣಸಿನ ಸಾರು, ಅನ್ನ, ಸುಟ್ಟ ಬೆಳ್ಳುಳ್ಳಿ, ಒಣ ಕೊಬ್ಬರಿ. ಕುಡಿಯಲು ನೀರು ದಿನಕ್ಕೆ ಎರಡು ಲೋಟ, ಕಾಯಿಸಿದ್ದು. ನನಗೆ ನನ್ನ ಅತ್ತೆ ಕೊಡುತ್ತಿದ್ದುದು ಒಂದೇ ಲೋಟ.

ಮಧ್ಯಾಹ್ನ ಎಳನೀರು ಕೇಳಿದಳು. ಚೆನ್ನಾಗಿ ನೀರು ಕುಡಿ, ಎದ್ದು ಓಡಾಡು ಎಂದು ಆಸ್ಪತ್ರೆಯ ನರ್ಸ್ ಹೇಳಿದ್ದಳಂತೆ.

"ಮುನ್ನೂರು ಮರ ಅವೆ ಕಣಮ್ಮ. ಒಂದ್ ಎಳನೀರಿಗೆ ಗತಿ ಇಲ್ವಾ?"

"ನರ್ಸಮ್ಮ ಬಂದು ಬಾಣಂತನ ಮಾಡ್ತಾಳಾ? ಮೊದ್ಲು ನಂಜು, ಆಮೇಲೆ ಸನ್ನಿ. ಸುಮ್ನೆ ಮಲಕ್ಕೊ."

ಸಂಜೆ ಎಡಗಾಲಿನ ಮೀನಖಂಡ ಹಿಡಿದುಕೊಂಡಿತು ಎಂದಳು. ಹೆಬ್ಬೆರಳು ಹಿಡಿದು ಪಾದವನ್ನು ಮೇಲಕ್ಕೆ ಬಗ್ಗಿಸಿದೆ. ಸ್ವಲ್ಪ ಬಿಟ್ಟಿತು. ಕಾಯಿ ಕೀಳುವ ಹುಚ್ಚರಂಗಯ್ಯ ಕಾಲು ಹಿಡಿದುಕೊಂಡರೆ ಕುಂಟುತ್ತಾ ಬರುವುದು ನನ್ನ ಬಾಗಿಲಿಗೇ. ಶೆಟ್ಟಿಕೆರೆಯ ತನಕ ಯಾರಿಗೆ ಸೆಳೆತ ಬಂದರೂ ನನ್ನ ಎಣ್ಣೆಯೇ ಆಗಬೇಕು.

ನವೆಂಬರ್ 14, ಗುರುವಾರ

ಬಿಟ್ಟಿಲ್ಲ. ನಿನ್ನೆ ಉಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿ ಶಾಖ ಕೊಟ್ಟೆ. ಇವತ್ತು ಲಕ್ಕಿ ಸೊಪ್ಪು ಕುದಿಸಿದ ನೀರು ಹೊಯ್ದೆ. ಕೊಬ್ಬರಿ ಎಣ್ಣೆಗೆ ಓಮ, ಬೆಳ್ಳುಳ್ಳಿ ಹಾಕಿ ಕಾಯಿಸಿ ಇಟ್ಟಿದ್ದೇನೆ. ಶಾಖ ಕೊಟ್ಟಾಗ ಹಾಯೆನ್ನುತ್ತಾಳೆ. ತಾಸಿನೊಳಗೆ ಮತ್ತೆ ನೋವು.

ತುಟಿ ಒಡೆದಿದೆ. ನೀರು ಕೇಳಿದಳು. ಎರಡು ಲೋಟ ಆಗಿತ್ತು. ಕೊಡಲಿಲ್ಲ.

ನವೆಂಬರ್ 15, ಶುಕ್ರವಾರ. ಬೆಳಗ್ಗೆ 9

ಬೋರಮ್ಮ ಕಾಲು ನೋಡಿದವಳೇ ಎಣ್ಣೆ ಬಟ್ಟಲು ಕೆಳಗಿಟ್ಟಳು.

"ಇದು ಸೆಳೆತ ಅಲ್ಲ ಕಣ್ರಮ್ಮ. ಒಂದೇ ಕಾಲು ಊದೈತೆ, ಕೆಂಪಗೈತೆ, ಮುಟ್ಟಿದ್ರೆ ಸುಡ್ತೈತೆ. ನಾ ತಿಕ್ಕಕಿಲ್ಲ. ಆಸ್ಪತ್ರೆಗೆ ಕರ್ಕೊಂಡೋಗಿ."

"ಎಷ್ಟ್ನೇ ಕ್ಲಾಸ್ ಓದಿದ್ದೀಯೇ ನೀನು?"

"ಓದಿಲ್ಲ. ನಲವತ್ತು ವರ್ಷ ಬಾಣಂತೀರ ಕಾಲ್ ನೋಡಿವ್ನಿ."

"ಹಂಗಾದ್ರೆ ನೀರ್ ಹಾಕಿ ಹೋಗು. ಎಣ್ಣೆ ನಾನೇ ತಿಕ್ತೀನಿ."

ಆಚೆ ಮನೆಯವರು ಬೇಲಿಯ ಹತ್ತಿರ ನಿಂತು ಕೇಳಿಸಿಕೊಳ್ಳುತ್ತಿದ್ದರು. ಕೇಳಲಿ ಎಂದೇ ಗಟ್ಟಿಯಾಗಿ ಹೇಳಿದೆ.

ತಿಕ್ಕಿದೆ. ಮೀನಖಂಡದಲ್ಲಿ ಹಗ್ಗದಂಥದ್ದೊಂದು ಗಂಟು ಬೆರಳಿಗೆ ಸಿಕ್ಕಿತು. ಕರಗಲಿ ಎಂದು ಹೆಬ್ಬೆರಳಲ್ಲಿ ಒತ್ತಿ ಒತ್ತಿ ಮೇಲಕ್ಕೆ ಎಳೆದೆ. ಕೋಮಲಾ ಸೆರಗು ಕಚ್ಚಿಕೊಂಡಿದ್ದಳು. ಹರಳೆಲೆ ಬಿಸಿ ಮಾಡಿ ಬಿಗಿಯಾಗಿ ಕಟ್ಟಿದ್ದೇನೆ. ನಾಳೆಗೆ ಇಳಿಯುತ್ತದೆ.

ನವೆಂಬರ್ 16, ಶನಿವಾರ. ತುಮಕೂರು

ಔಷಧಿ ಚೀಟಿಯ ಹಿಂದೆ ಬರೆಯುತ್ತಿದ್ದೇನೆ. ಪೆನ್ನು ನರ್ಸ್ ಕೊಟ್ಟಿದ್ದು.

ಬೆಳಗ್ಗೆ ಮಗುವಿಗೆ ಹಾಲು ಕೊಡುತ್ತಿದ್ದಳು. ಇದ್ದಕ್ಕಿದ್ದಂತೆ ಉಸಿರು ಸಿಗಲಿಲ್ಲ. ಎದೆ ಹಿಡಿದುಕೊಂಡಳು. ತುಟಿ ನೀಲಿ. ಮಗುವನ್ನು ಕಿತ್ತುಕೊಂಡೆ. ಆಂಬುಲೆನ್ಸ್...

ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತಂತೆ. ಅದರ ಚೂರು ಕಳಚಿ ಶ್ವಾಸಕೋಶಕ್ಕೆ ಹೋಗಿದೆಯಂತೆ. ಐಸಿಯುನಲ್ಲಿದ್ದಾಳೆ. ಈಗಲೇ ಏನೂ ಹೇಳಲಾರೆವು ಎಂದರು.

ಡಾಕ್ಟರ್ ಚಿಕ್ಕ ವಯಸ್ಸಿನ ಹೆಣ್ಣು. "ನೀರು ಎಷ್ಟು ಕುಡೀತಿದ್ರು? ಇಷ್ಟು ಊದಿರೋ ಕಾಲನ್ನ ತಿಕ್ಕಿದ್ದು ಯಾರು?"

ನಾನು ಬಾಯಿ ತೆರೆಯುವ ಮೊದಲೇ ಅಳಿಯ ಮೋಹನ್ ಕುಮಾರ್ ಹೇಳಿದರು. "ಇನ್ಯಾರು ಮೇಡಂ, ನೀರ್ ಹಾಕೋಕೆ ಒಬ್ಳು ಬತ್ತಾಳಲ್ಲ, ಬೋರಮ್ಮ. ಅವಳೇ."

ಬಾಯಿ ತೆರೆಯುವ ಮೊದಲೇ ಎಂದು ಬರೆದೆ. ಸುಳ್ಳು. ತೆರೆಯುತ್ತಿರಲಿಲ್ಲ.

ನವೆಂಬರ್ 24, ಭಾನುವಾರ

ಬಟ್ಟೆಬರೆ ಒಯ್ಯಲು ಊರಿಗೆ ಬಂದೆ. ಕೋಮಲಾ ಬದುಕಿದಳು. ವಾರ್ಡಿಗೆ ಹಾಕಿದ್ದಾರೆ. ರಕ್ತ ತೆಳುವಾಗುವ ಮಾತ್ರೆ ತಿಂಗಳುಗಟ್ಟಲೆ ನುಂಗಬೇಕು. ಬಾತ್‌ರೂಮಿಗೆ ಹೋಗಿ ಬಂದರೆ ಏದುಸಿರು.

ಎಂಟು ದಿನ ಬರೆದಿಲ್ಲ. ಪೆನ್ನು ಹಿಡಿದರೆ ಹೆಬ್ಬೆರಳಿಗೆ ಆ ಗಂಟು ಸಿಕ್ಕಿದಂತಾಗುತ್ತದೆ.

ಮೋಹನ್ ಕುಮಾರ್ ಬೋರಮ್ಮನ ಬಾಗಿಲಲ್ಲಿ ನಿಂತು ಕೂಗಾಡಿ ಹೋದರಂತೆ. ಮೇಲಿನ ಬೀದಿಯ ಇಬ್ಬರು ಬಾಣಂತಿಯರ ಮನೆಯಲ್ಲಿ ಇನ್ನು ಬರಬೇಡ ಎಂದಿದ್ದಾರಂತೆ. ಸಂಜೆ ಅವಳ ಮನೆಗೆ ಹೋದೆ. ಇದೇ ಮೊದಲು. ಚಾಪೆ ಹಾಸಿದಳು.

"ನಾ ತಿಕ್ಕಿಲ್ಲ ಅಂತ ಹೇಳಕ್ಕೇನಾಗಿತ್ತೇ ನಿಂಗೆ?"

"ನಾ ಅಂದ್ರೆ ಯಾರ್ ನಂಬ್ತಾರಮ್ಮಾರೆ? ನೀವು ಎಸ್ಸೆಸ್ಸೆಲ್ಸಿ ಓದಿರೋರು." ಅವಳು ನಗುತ್ತಿರಲಿಲ್ಲ. "ಮಗಿ ಹೆಂಗೈತೆ? ಹಾಲಿಗೇನ್ ಮಾಡ್ತಾವ್ರೆ?"

ಡಬ್ಬದ ಹಾಲು ಎಂದೆ. ಎದ್ದು ಬಂದೆ. ಹೇಳಲು ಹೋದ ಮಾತು ಬರಲಿಲ್ಲ.

ನವೆಂಬರ್ 27, ಬುಧವಾರ

ಡಿಸ್ಚಾರ್ಜ್ ಆಯಿತು. ಕೋಮಲಾಳನ್ನೂ ಮಗುವನ್ನೂ ಮೋಹನ್ ಕುಮಾರ್ ತುರುವೇಕೆರೆಗೆ, ತಮ್ಮ ಮನೆಗೇ ಕರೆದುಕೊಂಡು ಹೋದರು. ನನ್ನನ್ನು ಬಸ್ ಸ್ಟ್ಯಾಂಡಿನಲ್ಲಿ ಇಳಿಸಿದರು.

ರಾತ್ರಿ ಮಗಳ ಫೋನು. ಎರಡು ಮಾತಿಗೆ ಒಂದು ಸಲ ನಿಲ್ಲಿಸುತ್ತಾಳೆ.

"ಅಮ್ಮ, ಬೋರಮ್ಮನ್ ಮೇಲೆ ಕಂಪ್ಲೇಂಟ್ ಕೊಡ್ತಾರಂತೆ ಇವ್ರು. ನಾಳೆ ಅಲ್ಲಿಗೆ ಬತ್ತಾರೆ... ನೀನ್ ಹೇಳ್ತೀಯಾ, ನಾನ್ ಹೇಳ್ಲಾ?"

"ಹೇಳಿದ್ರೆ ನಿನ್ನ ಇನ್ನೊಂದ್ ಸಲ ಈ ಮನೆಗೆ ಕಳಿಸ್ತಾರೇನೇ?"

"ಕಳ್ಸಲ್ಲ."

ನವೆಂಬರ್ 28, ಗುರುವಾರ. 10:30

ಬಂದಿದ್ದಾರೆ. ಜಗುಲಿಯ ಮೇಲೆ ಮೋಹನ್ ಕುಮಾರ್, ಅವರ ಅಣ್ಣ, ಊರಿನ ನಾಲ್ಕು ಜನ. ಬೋರಮ್ಮನನ್ನೂ ಕರೆಸಿದ್ದಾರೆ. ಅವಳು ಕೆಳಗೆ ಅಂಗಳದಲ್ಲಿ ಬಿಸಿಲಿಗೆ ನಿಂತಿದ್ದಾಳೆ.

ಕಾಫಿ ಕೊಟ್ಟು ಒಳಗೆ ಬಂದೆ. ಕೂತು ಬರೆಯುತ್ತಿದ್ದೇನೆ.

"ಅತ್ತೆ, ಬನ್ನಿ. ಅವತ್ತು ಏನಾಯ್ತು ಅಂತ ನೀವೇ ಇವರಿಗೆ ಒಂದ್ ಮಾತು ಹೇಳಿ." ಎರಡನೇ ಸಲ ಕರೆಯುತ್ತಿದ್ದಾರೆ.

ಅವರೊಬ್ಬರೇ ಸಿಕ್ಕಿದಾಗ ಹೇಳೋಣ ಎಂದುಕೊಂಡಿದ್ದೆ. ಇಷ್ಟು ಜನದ ಎದುರಿಗೆ... ಈ ಊರಿನಲ್ಲಿ ಇದುವರೆಗೆ ನಾನು ಯಾರ ಮುಂದೆಯೂ ತಪ್ಪಾಯಿತು ಎಂದಿಲ್ಲ — ಇರಲಿ. ಬೋರಮ್ಮನನ್ನು ಬೈದದ್ದೂ ನಾಲ್ಕು ಜನಕ್ಕೆ ಕೇಳುವ ಹಾಗೆಯೇ. ಮೊದಲು ಅವಳಿಗೆ ಮೇಲೆ ಬಂದು ಕೂತುಕೋ ಎನ್ನಬೇಕು. ಆಮೇಲೆ, ತಿಕ್ಕಿದ್ದು ನಾನು ಎಂದು.