ಮಾವ ರೈಟ್ ಅನ್ನಲಿಲ್ಲ

ಹೆದ್ದಾರಿ ಬದಿಯ ವಸತಿಗೃಹ, ಮಹಡಿ ಮೇಲಿನ ಕೋಣೆ
ಭಾನುವಾರ ಬೆಳಗ್ಗೆ

ನನ್ನ ಪ್ರೀತಿಯ ಇವಳೇ,

ಹೇಗಿದ್ದೀಯ? ನರ್ಸುಗಳಿಗೆ ತರಬೇತಿ ಕೊಡುವ ಆ ಮಹಾನುಭಾವರು ನಿದ್ದೆ ಮಾಡಲಾದರೂ ಬಿಡುತ್ತಾರೋ ಇಲ್ಲವೋ? ಹಾಸ್ಟೆಲಿನ ಮಂಚ ನಿನ್ನ ಸೊಂಟಕ್ಕೆ ಒಗ್ಗಿತೋ, ಸೊಂಟವೇ ಮಂಚಕ್ಕೆ ಒಗ್ಗಿತೋ? ಇಲ್ಲಿ ನಾನು, ನಿನ್ನ ಅಪ್ಪ ಇಬ್ಬರೂ ಕ್ಷೇಮ. ‘ಇಬ್ಬರೂ’ ಎಂಬುದನ್ನು ಒತ್ತಿ ಬರೆದಿದ್ದೇನೆ, ಯಾಕೆಂದು ಮುಂದೆ ಗೊತ್ತಾಗುತ್ತದೆ. ನಿನ್ನೆ ಸಂಜೆ ಫೋನಿನಲ್ಲಿ ಅವರು “ಪ್ರಯಾಣ ಸುಖವಾಗಿತ್ತಮ್ಮ, ಅಳಿಯಂದಿರು ಹೂವಿನ ಹಾಗೆ ಕರ್ಕೊಂಡ್ ಬಂದ್ರು” ಅಂದರಲ್ಲ, ಆಗ ನಾನು ಪಕ್ಕದಲ್ಲೇ ಕೂತು ಒದ್ದೆ ಕಾಲುಚೀಲ ಹಿಂಡುತ್ತಿದ್ದೆ. ನಡೆದದ್ದೇ ಬೇರೆ. ಫೋನಿನಲ್ಲಿ ಹೇಳಹೋದರೆ ನಡುವೆ ಒಂದು ಜೋಕು ತೂರಿಸಿ ತಪ್ಪಿಸಿಕೊಳ್ಳುತ್ತೇನೆ ಎಂದು ಕಾಗದ ಹಿಡಿದಿದ್ದೇನೆ. ಇಲ್ಲೂ ಜೋಕು ನುಸುಳಿದರೆ ಹೊಡೆದುಹಾಕಿ ಓದಿಕೋ.

ಅವರ ಜೊತೆ ವರ್ಷಗಟ್ಟಲೆ ಬಸ್ಸು ಓಡಿಸಿದ ಹಳೆಯ ಡ್ರೈವರನ್ನು ನೋಡಿಕೊಂಡು ಬರೋಣ, ಅದೂ ಬೈಕಿನಲ್ಲೇ, ಎಂದವನು ನಾನು. ಈ ಮಳೆಯಲ್ಲಿ ಬೇಡ ಎಂದವಳು ನೀನು. ಮಳೆಯಲ್ಲಿ ಬೈಕು ಓಡಿಸುವ ಸುಖ ನಿನಗೇನು ಗೊತ್ತು ಎಂದು ದೊಡ್ಡದಾಗಿ ಹೇಳಿದೆನಲ್ಲ, ಆ ಸುಖ ಹೀಗಿತ್ತು: ಹೆಲ್ಮೆಟ್ಟಿನ ಗಾಜು ಒರೆಸಿದಷ್ಟೂ ಮಸುಕು, ಲಾರಿ ಎದುರಾದಾಗಲೆಲ್ಲ ಮೈಮೇಲೆ ಒಂದು ಕೊಡ ಕೆಸರುನೀರು, ರೇನ್‌ಕೋಟಿನ ಕತ್ತಿನಲ್ಲಿ ಹೊಕ್ಕ ಹನಿ ಇಳಿಯಬಾರದ ಕಡೆಗೆಲ್ಲ ಇಳಿದು ಸೀಟಿನ ಮೇಲೆ ಕೆರೆ. ಬೆನ್ನ ಹಿಂದೆ ಮಾವ ಮಾತ್ರ ಬೆಚ್ಚಗೆ, ನಾನೇ ಅವರಿಗೆ ಮಳೆಯ ಮರೆ.

ನಿನಗೆ ಗೊತ್ತಲ್ಲ, ಅವರು ಕಂಡಕ್ಟರ್ ಕೆಲಸ ಬಿಟ್ಟರೂ ಕೆಲಸ ಅವರನ್ನು ಬಿಟ್ಟಿಲ್ಲ. ಹತ್ತಿ ಕೂತು, ಹಿಂದೆ ಕಟ್ಟಿದ ಬ್ಯಾಗು ತಟ್ಟಿ ನೋಡಿ, ನನ್ನ ಬೆನ್ನಿಗೆ ಎರಡು ಏಟು ಹಾಕಿ “ರೈಟ್, ರೈಟ್!” ಎಂದ ಮೇಲೆಯೇ ಗಾಡಿ ಹೊರಡಬೇಕು. ಮೊದಲ ಟೀ ಅಂಗಡಿಯಲ್ಲಿ ನನ್ನ ಕಾಲೇಜಿನ ಹುಡುಗರು ನಿಂತಿದ್ದರು. ಮಾವ ಇಡೀ ರಸ್ತೆಗೆ ಕೇಳುವಂತೆ ರೈಟ್ ಕೊಟ್ಟರು. ಹುಡುಗರಲ್ಲೊಬ್ಬ “ಮುಂದಿನ ಸ್ಟಾಪ್ ಯಾವ್ದು ಸಾರ್?” ಎಂದ. ನನ್ನ ಕಿವಿ ಕೆಂಪಾಯಿತು. ಸ್ವಲ್ಪ ದೂರ ಹೋಗಿ ನಿಲ್ಲಿಸಿ, “ಮಾವ, ಇದು ಬಸ್ಸಲ್ಲ. ನಾಲ್ಕ್ ಜನ ನೋಡ್ತಾರೆ” ಅಂದೆ. “ಆಯ್ತು ಬಿಡಿ” ಅಂದರು. ಆಮೇಲೆ ಏಟೂ ಇಲ್ಲ, ಮಾತೂ ಇಲ್ಲ.

ಮುಂದೆ ಪೆಟ್ರೋಲ್ ಬಂಕು. ಪೆಟ್ರೋಲ್ ಹಾಕಿಸಿ ಕೂತೆ. ಹಿಂದಿನಿಂದ ಗಾಡಿ ಒಮ್ಮೆ ಅದುಮಿದಂತಾಯಿತು, ಮಾವ ಹತ್ತಿದರು ಎಂದುಕೊಂಡು ಹೊರಟೆ. ಅವರು ಬ್ಯಾಗಿನ ಹಗ್ಗ ಎಳೆದು ಬಿಗಿ ಮಾಡುತ್ತಿದ್ದರಂತೆ! ಮಳೆಯ ಸದ್ದು, ಹೆಲ್ಮೆಟ್ಟು, ಬೆನ್ನಿಗೆ ಜಾರಿ ಒರಗಿದ ಬ್ಯಾಗು, ನನಗೆ ಗೊತ್ತೇ ಆಗಲಿಲ್ಲ. ಒದ್ದೆ ರಸ್ತೆಯಲ್ಲಿ ಮುಂದಿನ ಗಾಡಿಯ ಚಕ್ರದ ಗುರುತಿನಲ್ಲೇ ಸಾಗಬೇಕು ಎಂದು ಉದ್ದಕ್ಕೂ ಪಾಠ ಹೇಳಿದೆ. ಎದುರು ಮಾತೇ ಇಲ್ಲ. ಇಂಥ ವಿದ್ಯಾರ್ಥಿ ನನಗೆ ಈವರೆಗೆ ಸಿಕ್ಕಿರಲಿಲ್ಲ. ರೈಲ್ವೆ ಗೇಟು ಹಾಕಿತ್ತು. “ಮಾವ, ಇಳಿದು ಕಾಲು ಚಾಚ್ಕೊಳ್ಳಿ” ಅಂದೆ. ಪಕ್ಕದ ಲಾರಿಯವನು ತಲೆ ಹೊರಹಾಕಿ, “ಯಾರ್ ಜೊತೆ ಸ್ವಾಮಿ ಮಾತು? ಬ್ಯಾಗ್ ಜೊತೆಗಾ?” ಎಂದ. ನಿನ್ನ ತಂದೆಯನ್ನು ತಂದೆ ಎಂದೇ ನಂಬಿದ್ದೆ ಕಣೇ, ತಂದಿರಲಿಲ್ಲ. (ಇದನ್ನು ಹೊಡೆದುಹಾಕು.)

ಅವರ ಫೋನು ನೆನೆಯಬಾರದೆಂದು ನನ್ನ ಬ್ಯಾಗಿನಲ್ಲೇ ಭದ್ರವಾಗಿತ್ತು. ಗಾಡಿ ತಿರುಗಿಸಿ ಓಡಿಸಿದೆ. ಬಂಕಿನ ಸೂರಿನ ಕೆಳಗೆ, ರೇನ್‌ಕೋಟಿನ ಗುಂಡಿ ಹಾಕಿ, ಹೆಲ್ಮೆಟ್ಟೂ ತೆಗೆಯದೆ ನಿಂತಿದ್ದರು. ಬಂಕಿನವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಬಂದ್ರಾ? ಬ್ರೇಕ್ ಸರಿ ಇದ್ಯಾ ನೋಡ್ಕೊಂಡ್ ಬರ್ತಾರೆ ನಮ್ಮ ಅಳಿಯಂದಿರು ಅಂತಿದ್ರು ಯಜಮಾನ್ರು. ಭಾರೀ ಉದ್ದದ ಬ್ರೇಕು ನಿಮ್ದು” ಎಂದಳು. ನಿನ್ನ ಅಪ್ಪ ನನ್ನನ್ನು ಕೇಳಿದ್ದು ಒಂದೇ: “ಏನಾದ್ರೂ ಮರೆತ್ರಾ?” ನೆಲ ಬಾಯಿ ಬಿಟ್ಟಿದ್ದರೆ ಬೈಕಿನ ಸಮೇತ ಇಳಿದುಬಿಡುತ್ತಿದ್ದೆ. ಹತ್ತಿ ಕೂತರು. ಎಂಜಿನ್ ಆನ್ ಮಾಡಿ ಏಟಿಗಾಗಿ ಬೆನ್ನು ಕೊಟ್ಟು ಕಾದೆ. ಏಟು ಬೀಳಲಿಲ್ಲ. ಮೆಲ್ಲಗೆ, ಅಪ್ಪಣೆ ಕೇಳುವವರ ಹಾಗೆ, “ಹೋಗೋಣ್ವಾ?” ಅಂದರು. ಸರ್ವೀಸಿನುದ್ದಕ್ಕೂ ಒಬ್ಬ ಪ್ರಯಾಣಿಕನನ್ನೂ ಬಿಟ್ಟುಹೋಗದ ಮನುಷ್ಯ!

ನೀನು ಬೈದರೆ ಪೂರ್ತಿ ಬೈ, ಉಳಿಸಿಕೊಳ್ಳಬೇಡ. ಹೊತ್ತಿಗೆ ಸರಿಯಾಗಿ ಉಣ್ಣು. ಅಪ್ಪನ ಆಶೀರ್ವಾದ, ಅವರನ್ನು ಕೇಳದೆಯೇ ಬರೆಯುತ್ತಿದ್ದೇನೆ.

ಹಿಂದುಮುಂದು ನೋಡದ
ನಿನ್ನ ಗಂಡ

ತಾ.ಕ.: ‘ಗೊತ್ತೇ ಆಗಲಿಲ್ಲ’ ಎಂದು ಬರೆದದ್ದು ಸುಳ್ಳು. ಬಂಕು ದಾಟಿದ ಮೊದಲ ತಿರುವಿನಲ್ಲೇ ಗಾಡಿ ಹಗುರವಾಗಿ ವಾಲಿತ್ತು. ತಿರುಗಿ ನೋಡಬಹುದಿತ್ತು. ಸದ್ಯ, ಮಾವ ತೆಪ್ಪಗೆ ಕೂರುವುದನ್ನು ಕಲಿತರಲ್ಲ ಎಂದು ಹಿತವಾಯಿತು, ನೋಡಲಿಲ್ಲ. ಅವರಿಗೆ ಇದನ್ನು ಹೇಳಲಾರೆ, ನಿನಗೆ ಹೇಳದೆ ಇರಲಾರೆ. ಕಿಟಕಿಯಿಂದ ಕಾಣುತ್ತಿದ್ದಾರೆ: ಮಳೆ ನಿಂತಿಲ್ಲ, ಆಗಲೇ ಹಿಂದಿನ ಸೀಟು ಹತ್ತಿ, ಎಲ್ಲಿ ಬಿಟ್ಟುಹೋಗುತ್ತೇನೋ ಎಂಬಂತೆ ಕಂಬಿ ಹಿಡಿದು ಕೂತಿದ್ದಾರೆ. ಅಂಗಳದ ತುಂಬ ಜನ. ಒಳ್ಳೆಯದೇ ಆಯಿತು. ಇಳಿದುಹೋಗಿ, ಎಲ್ಲರಿಗೂ ಕೇಳುವ ಹಾಗೆ, “ಮಾವ, ರೈಟ್ ಕೊಡಿ” ಅನ್ನುತ್ತೇನೆ. ಬೆನ್ನಿಗೆ ಎರಡು ಏಟು ಬೀಳುವ ತನಕ ಗೇರು ಹಾಕುವುದಿಲ್ಲ.