ಭಾವನೋ ಅಣ್ಣನೋ

ಮಂಗಳವಾರ, 14 ನವೆಂಬರ್ 1989

ತಲೆಯಿಂದ ಈ ನಾಣಿ ಹೋಗುತ್ತಿಲ್ಲ. ಕುರ್ಲಾ ಸ್ಟೇಷನ್ನಿನ ಟಿವಿಯಲ್ಲಿ ದಿನಾ ಸಂಜೆ ಹತ್ತು ನಿಮಿಷ ಒಂದು ಮರಾಠಿ ಪತ್ತೇದಾರಿ ಚಿತ್ರವನ್ನು ಕಂತು ಕಂತಾಗಿ ತೋರಿಸುತ್ತಾರೆ. ವಿಕ್ರೋಳಿಯಿಂದ ಬರುವಾಗ ಅಲ್ಲಿ ಗಾಡಿ ಬದಲಿಸುವ ಪಕ್ಕದ ಮನೆಯ ನಾಣಿ ಅದನ್ನು ನೋಡಿಬಂದು, ನಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತು ಸುಮಿತ್ರಾಗೆ ಹೇಳುತ್ತಾನೆ. ಇವಳು ಸ್ಟೌ ಆರಿಸಿ ಕೇಳುತ್ತಾಳೆ. ಮದುವೆಯಾಗಿ ಏಳು ವರ್ಷ, ನನ್ನ ಯಾವ ಮಾತಿಗೂ ಸ್ಟೌ ಆರಿದ್ದಿಲ್ಲ.

"ಅತ್ತಿಗೇ, ಕೊಂದಿದ್ದು ಭಾವ! ಆ ಹುಡುಗೀನೇ ಬಾಯಿಬಿಟ್ಟು ಹೇಳಿದ್ಲು" ಅಂದ ನಿನ್ನೆ. ಇವಳು ಕೆನ್ನೆಗೆ ಕೈಯಿಟ್ಟುಕೊಂಡು, "ಅಯ್ಯೋ, ಅಷ್ಟು ಒಳ್ಳೆಯವನು!" ಎಂದಳು. ಆ ದನಿಯನ್ನು ನಾನು ಕೇಳಿ ಎಷ್ಟು ಕಾಲವಾಯಿತೋ.

ತಡೆಯಲಾರದೆ ಇವತ್ತು ಆಫೀಸಿನಿಂದ ಬೇಗ ಹೊರಟು ಕುರ್ಲಾಕ್ಕೇ ಹೋದೆ. ಪ್ಲಾಟ್‌ಫಾರ್ಮಿನ ನೂಕುನುಗ್ಗಲಲ್ಲಿ ಕತ್ತೆತ್ತಿ ನಿಂತೆ. ಆ ಹುಡುಗಿ ಇವತ್ತೂ ಪೊಲೀಸರ ಮುಂದೆ ಅಳುತ್ತಾ, "ಭಾವಾನೇಚ್ ಮಾರ್ಲಂ" ಎಂದು ಮತ್ತೆ ಹೇಳಿದಳು. ಮರಾಠಿಯಲ್ಲಿ ಹಾಗಂದರೆ ಅಣ್ಣನೇ ಕೊಂದ ಅಂತ! ಮೈಸೂರಿನಿಂದ ಮೊನ್ನೆ ಮೊನ್ನೆ ಬಂದ ನಾಣಿ ಅದನ್ನು ಕನ್ನಡದ ಭಾವ ಮಾಡಿಕೊಂಡಿದ್ದಾನೆ. ಲೋಕಲ್‌ನಲ್ಲಿ ದಾರಿಯುದ್ದಕ್ಕೂ ಒಬ್ಬನೇ ನಕ್ಕೆ.

ಚಪ್ಪಲಿ ಬಿಡುವ ಮೊದಲೇ, "ಭಾವ ಅಲ್ಲ ಕಣೇ, ಅಣ್ಣ! ನಾಣಿಗೆ ಮರಾಠೀನೇ ಬರಲ್ಲ" ಎಂದೆ.

ಸುಮಿತ್ರಾ ಒಗ್ಗರಣೆಗೆ ಸಾಸಿವೆ ಹಾಕುತ್ತಿದ್ದಳು.

"ಇರ್ಲಿ ಬಿಡಿ. ನಂಗೆ ಆ ಭಾವನೇ ಇರ್ಲಿ. ಪಾಪ, ನಾಣಿ ಹತ್ರ ಹೇಳ್ಬೇಡಿ, ಬೇಜಾರು ಮಾಡ್ಕೊತಾನೆ."

ಕೊಲೆಗಾರನನ್ನು ಹಿಡಿದು ತಂದವನು ನಾನು. ಸಾಸಿವೆ ಚಟಪಟ ಅನ್ನುತ್ತಲೇ ಇತ್ತು. ಸ್ಟೌ ಕಡೆ ಅವಳ ಕೈ ಹೋಗಲೇ ಇಲ್ಲ.